ಸೋಫಾ ಮೇಷ್ಟ್ರ ಮನೆಗೆ ಗಾಡಿ ಬಂದದ್ದು

ಹತ್ತೊಂಬತ್ತು ವರ್ಷ ತುಟಿಪಿಟಿಕ್ಕೆನ್ನದೆ ದುಡಿದ ಹಳೆಯ ವ್ಯಾನು ಒಂದು ಮಂಗಳವಾರ ಬೆಳಗ್ಗೆ, ನಾಲ್ಕು ರಸ್ತೆ ಕೂಡುವ ವೃತ್ತದ ಬಳಿ, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅದರ ಹಿಂಬಾಗಿಲಿನಿಂದ ಹಸಿರು ಬಟ್ಟೆಯ ಮೂರು ಸೀಟಿನ ಸೋಫಾವೊಂದು ಅರ್ಧ ಹೊರಗೆ ಚಾಚಿಕೊಂಡಿತ್ತು. ಹಿಂದಿದ್ದ ಬಸ್ಸು ಹಾರ್ನ್ ಹೊಡೆಯಿತು. ಬಸ್ಸಿನ ಹಿಂದಿದ್ದವರೆಲ್ಲ ಅದಕ್ಕೆ ದನಿಗೂಡಿಸಿದರು.

ಎಳೆದೊಯ್ಯಲು ಬಂದ ಗಾಡಿಯವನು ಸೋಫಾ ಇಳಿಸದೆ ವ್ಯಾನನ್ನು ಮುಟ್ಟುವುದಿಲ್ಲ ಎಂದ. ದಾರಿಹೋಕರಿಬ್ಬರು ಕೈಜೋಡಿಸಿ ಅದನ್ನು ಫುಟ್‌ಪಾತಿಗೆ ಇಳಿಸಿದರು. ವ್ಯಾನಿನ ಒಡೆಯ ಸೋಫಾ ಮೇಷ್ಟ್ರು ಅದರ ಜೊತೆ ಗ್ಯಾರೇಜಿಗೆ ಹೋದರು. ಅವರ ಹೆಂಡತಿ ಟೇಪಕ್ಕ ಸೋಫಾ ಕಾಯಲು ಉಳಿದಳು. ನಿಂತು ಕಾಯುವುದೇಕೆ ಎಂದು ಅದರ ಮೇಲೆಯೇ ಕೂತಳು. ಸ್ವಲ್ಪ ಹೊತ್ತಿಗೆ ಬ್ಯಾಂಕಿನಿಂದ ಹೊರಬಂದ ದಪ್ಪ ಗೃಹಸ್ಥರೊಬ್ಬರು, ಇದು ನಗರಸಭೆಯವರು ಹಾಕಿಸಿದ ಹೊಸ ಬೆಂಚು ಅಂದುಕೊಂಡು ಪಕ್ಕದಲ್ಲಿ ಕೂತರು. ಐದು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದರು. ಎರಡು ಗಂಟೆ ಕಳೆದು ಮೇಷ್ಟ್ರು ಆಟೋದಲ್ಲಿ ವಾಪಸ್ಸು ಬಂದಾಗ ಹೆಂಡತಿ ಒಂದು ತುದಿಯಲ್ಲಿ, ಅಪರಿಚಿತ ಗಂಡಸು ಇನ್ನೊಂದು ತುದಿಯಲ್ಲಿ ಕೂತಿದ್ದರು.

"ಇವರು ಯಾರೇ?"

"ಗೊತ್ತಿಲ್ಲ. ಆದ್ರೆ ಫೋಮ್ ಚೆನ್ನಾಗಿ ಬಂದಿದೆ ಅಂತ ಗೊತ್ತಾಯ್ತು. ವ್ಯಾನ್ ಏನಾಯ್ತು?"

"ಹೋಯ್ತು," ಅಂದರು ಮೇಷ್ಟ್ರು. "ಗ್ಯಾರೇಜಿನವನು ಟೋಪಿ ತೆಗೆದ. ಅಷ್ಟರಲ್ಲೇ ನನಗೆ ಅರ್ಥವಾಯ್ತು."

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸೋಫಾ, ದಿವಾನ, ಕುರ್ಚಿಗಳಿಗೆ ಹೊಸ ಸ್ಪ್ರಿಂಗು, ಫೋಮು, ಬಟ್ಟೆ ಹಾಕಿಕೊಡುವುದು ಅವರ ಕಸುಬು. ಆದರೆ ಗಿರಾಕಿ ಬಂದು ಕೂತರೆ ಸಾಕು, "ಹಾಗೆ ಜೋತುಬಿದ್ದು ಕೂರಬೇಡಿ, ಬೆನ್ನು ಹಾಳಾಗುತ್ತೆ" ಎಂದು ಶುರುಮಾಡಿ ಬೆನ್ನುಮೂಳೆಯ ಪಾಠ ಪೂರ್ತಿ ಒಪ್ಪಿಸಿಯೇ ಬಿಡುತ್ತಿದ್ದರು. ಅದಕ್ಕೇ ಬೀದಿಯವರು ಮೇಷ್ಟ್ರು ಅಂದರು. ಅವರ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಕವರುಗಳನ್ನೆಲ್ಲ ಹೊಲಿಯುವವಳು. ಊಟಕ್ಕೆ ಕೂತಾಗಲೂ ಅಳತೆಯ ಟೇಪು ಕೊರಳಲ್ಲಿ ನೇತಾಡುತ್ತಿದ್ದದ್ದರಿಂದ ಟೇಪಕ್ಕ ಆದಳು. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಸಂಸಾರ. ನಡುವಿನ ಬಾಗಿಲಲ್ಲಿ ಫೋಮಿನ ಪುಡಿ ಆ ಕಡೆಯಿಂದ ಈ ಕಡೆಗೂ, ಒಗ್ಗರಣೆಯ ವಾಸನೆ ಈ ಕಡೆಯಿಂದ ಆ ಕಡೆಗೂ ಓಡಾಡಿಕೊಂಡಿದ್ದವು.

ಆ ಸಂಜೆ ಐವರೂ ಊಟಕ್ಕೆ ಕೂತರು. ಟೇಪಕ್ಕನ ಅತ್ತೆ, ಅಂದರೆ ಮೇಷ್ಟ್ರ ತಾಯಿ, ಎಪ್ಪತ್ತೆಂಟರ ಹೆಂಗಸು, ಮಂಡಿ ಕೈಕೊಟ್ಟಿದ್ದರೂ ಬಾಯಿ ಕೈಕೊಟ್ಟಿರಲಿಲ್ಲ. ಮೈದುನ, ಅಂದರೆ ಮೇಷ್ಟ್ರ ತಮ್ಮ, ಸಿಟಿ ಬಸ್ಸಿನ ಡ್ರೈವರು, ಮದುವೆಯ ಗೊಡವೆಗೆ ಹೋಗದೆ ಮಹಡಿಯ ಕೋಣೆಯಲ್ಲಿದ್ದ. ಮಲಗುವುದು ಮೇಲೆ, ತಿನ್ನುವುದು ಕೆಳಗೆ. ಮಗಳು ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಟೇಪಕ್ಕ ಆಲೂಗಡ್ಡೆ ಪಲ್ಯ ಬಡಿಸುತ್ತ, "ಪಿಕಪ್ ನೋಡೋಕೆ ಯಾವತ್ತು ಹೋಗೋದು? ಕೂಡಿಟ್ಟಿರೋದರಲ್ಲಿ ಒಳ್ಳೇದೇ ಬರುತ್ತೆ. ಈ ಭಾನುವಾರವೇ ಆಗಿಬಿಡಲಿ," ಅಂದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಾನು ಎಸ್‌ಯುವಿ ತಗೊಳ್ಳೋಣ ಅಂತಿದೀನಿ."

ಸೌಟು ಗಾಳಿಯಲ್ಲೇ ನಿಂತಿತು.

"ಏನು ತಗೊಳ್ಳೋದು?" ಅಂದರು ಅತ್ತೆ.

"ದೊಡ್ಡ ಕಾರು, ಅಮ್ಮಾ. ಏಳು ಜನ ಕೂರಬಹುದು."

"ನಾವಿರೋದು ಐದು ಜನ. ಇನ್ನಿಬ್ಬರನ್ನ ಎಲ್ಲಿಂದ ತರ್ತೀಯಾ?"

ಟೇಪಕ್ಕ ಸೌಟು ಪಾತ್ರೆಯಲ್ಲಿಟ್ಟಳು. "ರೀ, ನಾವು ಸಾಗಿಸೋದು ಸೋಫಾ. ಅದನ್ನೇನು ಮಡಿಲಲ್ಲಿ ಕೂರಿಸ್ಕೊಂಡು ಹೋಗ್ತೀರಾ?"

"ಬೇಕಾದಾಗ ಬಾಡಿಗೆ ಪಿಕಪ್ ಸಿಗುತ್ತೆ. ಮೂವತ್ತು ವರ್ಷ ಸಾಮಾನಿನ ಜೊತೆ ಓಡಾಡಿದೀನಿ. ಇನ್ನು ಮೇಲೆ ಮನುಷ್ಯರ ಜೊತೆ ಓಡಾಡ್ತೀನಿ."

"ನಾನೇನು ಸಾಮಾನಾ? ದಿನಾ ನಿಮ್ಮ ಪಕ್ಕದಲ್ಲಿ ಕೂತು ಬಂದಿದ್ದು ಯಾರು?"

ಮೈದುನನಿಗೆ ನಗು ಬಂದು ಕೆಮ್ಮಿನಲ್ಲಿ ಮುಚ್ಚಿಕೊಂಡ. ಮಗಳು ಮಾತ್ರ ತಟ್ಟೆಯಿಂದ ತಲೆಯೆತ್ತದೆ, "ಅಪ್ಪ ಹೇಳೋದೇ ಸರಿ. ಎಸ್‌ಯುವಿ ತಗೊಳ್ಳೋಣ," ಅಂದಳು.

ಟೇಪಕ್ಕನಿಗೆ ಇದು ವಿಚಿತ್ರವೆನಿಸಿತು. ಮಗಳಿಗೆ ತನ್ನ ಸ್ಕೂಟರೇ ಪ್ರಪಂಚ. ಕಾರಿನ ವಿಷಯ ಅವಳು ಇದುವರೆಗೆ ಬಾಯಿ ಬಿಟ್ಟು ಆಡಿದ್ದಿಲ್ಲ.

ಭಾನುವಾರ ಎಲ್ಲರೂ ಎರಡು ಆಟೋ ಮಾಡಿಕೊಂಡು ಷೋರೂಮಿಗೆ ಹೋದರು. ಟೈ ಕಟ್ಟಿದ ಮಾರಾಟಗಾರನೊಬ್ಬ ಎಸ್‌ಯುವಿಯ ಬಾಗಿಲು ತೆರೆದು ಗೇರು, ಬ್ರೇಕು, ಏರ್‌ಬ್ಯಾಗು ಎಂದು ಹೇಳತೊಡಗಿದ. ಮೇಷ್ಟ್ರು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಟಿನ ಮೇಲೆ ಹೆಬ್ಬೆರಳು ಒತ್ತಿ, ಬಿಟ್ಟು, ಕುಳಿ ಎಷ್ಟು ಬೇಗ ಏಳುತ್ತದೆಂದು ನೋಡಿದರು. ಹೊಲಿಗೆಯ ಅಂಚಿಗೆ ಉಗುರು ಹಾಕಿ ನೋಡಿದರು. ಆಮೇಲೆ ಅಂಗಾತ ಮಲಗಿ ಸೀಟಿನ ಅಡಿಗೆ ತಲೆ ತೂರಿಸಿದರು.

"ಸಾರ್, ಇಂಜಿನ್ ನೋಡಲ್ವಾ?" ಮಾರಾಟಗಾರ ಕಕ್ಕಾಬಿಕ್ಕಿಯಾದ.

"ಇಂಜಿನ್ ಮೇಲೆ ಕೂರ್ತೀನೇನಪ್ಪಾ ನಾನು? ಮುಂದಿನ ಸೀಟು ಚೆನ್ನಾಗಿದೆ. ಹಿಂದಿನದು ಮೂರು ವರ್ಷಕ್ಕೆ ಕೂತುಹೋಗುತ್ತೆ. ಅದನ್ನ ನಾನೇ ಸರಿಮಾಡ್ಕೋತೀನಿ."

ಅಷ್ಟರಲ್ಲಿ ಅತ್ತೆ ಕಾಣಿಸಲಿಲ್ಲ. ಹುಡುಕಿದರೆ, ಆಚೆ ಮೂಲೆಯಲ್ಲಿ ನಿಂತಿದ್ದ ಪಿಕಪ್ಪಿನ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ವಿರಾಜಮಾನರಾಗಿದ್ದರು. ಕಾವಲುಗಾರನಿಂದ ಸ್ಟೂಲು ಹಾಕಿಸಿಕೊಂಡು ಹತ್ತಿದ್ದರಂತೆ.

"ಇಲ್ಲಿಂದ ಎಲ್ಲರ ನೆತ್ತಿ ಕಾಣುತ್ತೆ," ಅಂದರು ಸಂಭ್ರಮದಿಂದ. "ನಿನಗೆ ಹಿಂದುಗಡೆ ಬೋಳಾಗ್ತಿದೆ ಕಣೋ ಮಗನೇ. ನನಗೆ ಇದೇ ಇರಲಿ."

ಅಲ್ಲಿಗೆ ಮನೆ ಎರಡು ಪಾಲಾಯಿತು. ಅತ್ತೆ, ಸೊಸೆ ಪಿಕಪ್ಪಿನ ಕಡೆ. ಅಪ್ಪ, ಮಗಳು ಎಸ್‌ಯುವಿಯ ಕಡೆ. ಮೈದುನ ಮಾತ್ರ ಎರಡೂ ಕಡೆಯವರ ಕೈಯಡುಗೆ ತಿನ್ನಬೇಕಾದವನು, ಮಧ್ಯಸ್ಥಿಕೆಗೆ ಇಳಿದ. "ಡಬಲ್ ಕ್ಯಾಬಿನ್ ಅಂತ ಬರುತ್ತೆ, ಅತ್ತಿಗೆ. ಮುಂದೆ ಐದು ಜನ, ಹಿಂದೆ ಸಾಮಾನು. ಅವರ ಮಾತೂ ಉಳೀತು, ನಿಮ್ಮ ಮಾತೂ ಉಳೀತು."

ಟೇಪಕ್ಕ ಕೊರಳಿನ ಟೇಪು ತೆಗೆದಳು. ಅಲ್ಲೇ ನಿಂತಿದ್ದ ಅಂಥದೊಂದು ಗಾಡಿಯ ಹಿಂದಿನ ತೊಟ್ಟಿಗೆ ಹಿಡಿದಳು. "ಐದು ಅಡಿ. ನಮ್ಮ ಮೂರು ಸೀಟಿನ ಸೋಫಾ ಏಳು ಅಡಿ. ಉಳಿದ ಎರಡಡಿ ಗಾಳಿಯಲ್ಲಿ ತೇಲುತ್ತಾ?"

"ಸ್ವಲ್ಪ ಹೊರಗೆ ಚಾಚಿದ್ರೆ ಏನು..."

"ಹೋದ ಮಂಗಳವಾರ ಚಾಚಿತ್ತು. ಇಡೀ ಊರೇ ನೋಡಿತು."

ಮೈದುನ ಆಮೇಲೆ ಆ ಸುದ್ದಿ ಎತ್ತಲಿಲ್ಲ.

ಅದರ ಮುಂದಿನ ವಾರವೆಲ್ಲ ಮನೆಯಲ್ಲಿ ಇದೇ ಜಪ. ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಪಿಕಪ್, ಪಾತ್ರೆ ತೊಳೆಯುವಾಗ ಎಸ್‌ಯುವಿ. ಮಗಳು ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಪಿಕಪ್, ಎಸ್‌ಯುವಿ ಎಂದು ಎರಡು ಚೌಕ ಎಳೆದು, ಮತ ಹಾಕಿ ಎಂದಳು. ಮಾರನೆಯ ಬೆಳಗ್ಗೆ ನೋಡಿದರೆ ಪಿಕಪ್ಪಿಗೆ ಆರು ಮತ ಬಿದ್ದಿದ್ದವು.

"ಅಜ್ಜೀ, ಒಬ್ಬರಿಗೆ ಒಂದೇ ಮತ!"

"ನಾನು ನಿಮ್ಮೆಲ್ಲರಿಗಿಂತ ಮೂರು ಪಾಲು ಹಳಬಳು. ನನಗೆ ನಾಲ್ಕು ಬರಬೇಕು," ಅಂದರು ಅತ್ತೆ. ಟೇಪಕ್ಕನದೊಂದು ಸೇರಿಸಿದರೂ ಐದೇ ಆಯಿತು, ಇನ್ನೊಂದು ಎಲ್ಲಿಂದ ಬಂತೆಂದು ಕೇಳಿದಾಗ ಮೈದುನ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಓಡಿದ.

ಮೇಷ್ಟ್ರು ಸೋಲೊಪ್ಪುವ ಆಸಾಮಿಯಲ್ಲ. ಬಾಡಿಗೆ ಪಿಕಪ್ಪಿನಲ್ಲೇ ಕೆಲಸ ಸಲೀಸಾಗಿ ನಡೆಯುತ್ತದೆಂದು ತೋರಿಸಿಯೇ ತೀರುತ್ತೇನೆಂದು ಪಟ್ಟು ಹಿಡಿದರು. ಆವತ್ತು ಕೈಗಾಡಿಯಲ್ಲಿ ಮನೆಗೆ ತರಿಸಿಕೊಂಡಿದ್ದ ಹಸಿರು ಸೋಫಾವನ್ನು ಅದರ ಒಡತಿಗೆ ತಲುಪಿಸುವುದು ಇನ್ನೂ ಬಾಕಿ ಇತ್ತು. ಗುರುವಾರ ಹತ್ತಕ್ಕೆ ಬರುತ್ತೇನೆಂದ ಬಾಡಿಗೆ ಡ್ರೈವರು ಹನ್ನೆರಡೂಕಾಲಿಗೆ ಬಂದ. ಬಂದವನು ಸ್ಟೀರಿಂಗ್ ಬಿಟ್ಟು ಇಳಿಯಲಿಲ್ಲ.

"ಒಂದು ಕೈ ಕೊಡಪ್ಪಾ," ಅಂದಳು ಟೇಪಕ್ಕ.

"ನಂದು ಓಡಿಸೋದಷ್ಟೇ ಅಮ್ಮಾ. ಎತ್ತೋದು ಇಳಿಸೋದು ನಮ್ಮ ಲೆಕ್ಕಕ್ಕೆ ಬರಲ್ಲ," ಎಂದು ಅವನು ಫೋನಿನಲ್ಲಿ ಮುಳುಗಿದ.

ಒಡತಿಯ ಮನೆ ಎರಡನೆಯ ಮಹಡಿಯಲ್ಲಿತ್ತು. ಹಿಂದಿನಿಂದ ಟೇಪಕ್ಕ, ಮುಂದಿನಿಂದ ಮೇಷ್ಟ್ರು ಹಿಡಿದು ಮೆಟ್ಟಿಲು ಹತ್ತತೊಡಗಿದರು. ಇಂಥ ಎಷ್ಟೋ ಮೆಟ್ಟಿಲುಗಳನ್ನು ಹತ್ತಿದ ಜೋಡಿ ಅದು. ಗಂಡ "ಎಡ" ಎಂದರೆ ಹೆಂಡತಿಯ ಕೈ ತಾನಾಗಿಯೇ ತಿರುಗುತ್ತಿತ್ತು. ಆರನೆಯ ಮೆಟ್ಟಿಲಲ್ಲಿ ಮೇಷ್ಟ್ರು "ಎಡ" ಅನ್ನಲಿಲ್ಲ. ಸೋಫಾ ನಿಂತಿತು. ಟೇಪಕ್ಕ ಕತ್ತು ಚಾಚಿ ನೋಡಿದರೆ, ಗಂಡ ಒಂದು ಕೈಯಲ್ಲಿ ಕಂಬಿ ಹಿಡಿದು ಬಗ್ಗಿದ ಹಾಗೇ ನಿಂತಿದ್ದರು. ಮುಖ ಸುಣ್ಣದ ಹಾಗಾಗಿತ್ತು.

"ಏನ್ರೀ?"

"ಏನಿಲ್ಲ. ಚಪ್ಪಲಿ ಜಾರಿತು."

ಚಪ್ಪಲಿ ಜಾರಿರಲಿಲ್ಲ. ಮೇಲಿನಿಂದ ಒಡತಿಯ ಅಳಿಯ ಬಂದು ಹಿಡಿದುಕೊಂಡ. ಕೆಲಸ ಮುಗಿಯಿತು. ವಾಪಸ್ಸು ಬರುವಾಗ ಮೇಷ್ಟ್ರು ಎಂದಿಗಿಂತ ಹೆಚ್ಚು ಮಾತಾಡಿದರು. ಹವೆಯ ಬಗ್ಗೆ, ಬಟ್ಟೆಯ ಬೆಲೆಯ ಬಗ್ಗೆ, ಡ್ರೈವರು ಬ್ರೇಕು ಹಾಕುವ ರೀತಿಯ ಬಗ್ಗೆ. ಪಿಕಪ್ಪು ಹಳ್ಳಕ್ಕೆ ಬಿದ್ದಾಗಲೆಲ್ಲ ಅವರ ಮಾತು ಒಂದು ಕ್ಷಣ ತುಂಡಾಗುತ್ತಿತ್ತು. ಟೇಪಕ್ಕ ಹೂಂಗುಟ್ಟುತ್ತ ಎಲ್ಲವನ್ನೂ ಗಮನಿಸಿಕೊಂಡಳು.

ಸಂಜೆ ಮಗಳು ಕೆಲಸ ಮುಗಿಸಿ ಬಂದಾಗ ಟೇಪಕ್ಕ ಹಿತ್ತಲಿನ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. "ಬಾ, ಮಡಚೋಕೆ ಕೈಹಾಕು," ಅಂದಳು. ಒಂದೆರಡು ಬಟ್ಟೆ ಮಡಚಿದ ಮೇಲೆ ಕೇಳಿದಳು, "ನಿಮ್ಮಪ್ಪ ನಿನ್ನ ಆಸ್ಪತ್ರೆಗೆ ಬಂದಿದ್ರಾ?"

ಮಗಳ ಮುಖ ಕೆಂಪೇರಿತು. "ಅಮ್ಮಾ, ನನ್ನ ಕೇಳಬೇಡ. ಅಪ್ಪ ಮಾತು ತಗೊಂಡಿದಾರೆ. ಅದೂ ಅಲ್ದೆ ಬೇರೆಯವರ ಎಕ್ಸ್‌ರೇ ವಿಷಯ ನಾವು ಹೊರಗೆ ಹೇಳೋ ಹಾಗಿಲ್ಲ."

"ನಿನ್ನ ನಾನೆಲ್ಲಿ ಕೇಳ್ತಿದೀನಿ? ನನ್ನಷ್ಟಕ್ಕೆ ನಾನು ಊಹೆ ಮಾಡ್ತಿದೀನಿ. ನೀನು ಬಾಯಿ ಬಿಡಬೇಡ. ಊಹೆ ಸರಿ ಇದ್ರೆ ಕೈಲಿರೋ ಟವೆಲ್ ಮಡಚು. ತಪ್ಪಾಗಿದ್ರೆ ಬುಟ್ಟಿಗೆ ಹಾಕು."

"ಅಮ್ಮಾ..."

"ಬೆನ್ನು."

ಮಗಳು ಟವೆಲಿನ ಎರಡು ತುದಿ ಸೇರಿಸಿ ಮೆಲ್ಲಗೆ ಮಡಚಿದಳು.

"ಭಾರ ಎತ್ತಬಾರದು ಅಂದಿದಾರೆ."

ಇನ್ನೊಂದು ಟವೆಲನ್ನೂ ಮಡಚಿದಳು.

"ಆಪರೇಷನ್ ಮಾಡಬೇಕು ಅಂದಿದಾರೆ."

ಟವೆಲು ಬುಟ್ಟಿಗೆ ಬಿತ್ತು. ಟೇಪಕ್ಕ ಉಸಿರು ಬಿಟ್ಟು, ಪೇರಿಸಿಟ್ಟಿದ್ದ ಬಟ್ಟೆರಾಶಿಯ ಪಕ್ಕದಲ್ಲಿ ಕೂತುಬಿಟ್ಟಳು. "ಎಷ್ಟು ದಿನದಿಂದ?"

"ಟವೆಲ್ ಖಾಲಿಯಾಯ್ತು," ಅಂದಳು ಮಗಳು, ಅಳುವೂ ನಗುವೂ ಒಟ್ಟಿಗೆ ಬಂದು. "ಮೂರು ತಿಂಗಳಾಯ್ತಮ್ಮಾ. ವ್ಯಾಯಾಮ ಮಾಡಿದ್ರೆ, ಭಾರ ಎತ್ತದೆ ಇದ್ರೆ, ಏನೂ ಆಗಲ್ಲ ಅಂದ್ರು ಡಾಕ್ಟರು. ಪಿಕಪ್ ಬಂದ್ರೆ ಎತ್ತದೆ ಇರ್ತಾರಾ ಅವರು? ಅದಕ್ಕೇ ನಾನು ಆ ಕಡೆ ಸೇರಿದ್ದು."

ಮರುದಿನ ಬೆಳಗ್ಗೆ ಮೇಷ್ಟ್ರು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತ ಕೂತಿದ್ದರು. ಟೇಪಕ್ಕ ಅವರ ಬೆನ್ನಿನ ಹಿಂದೆ ಒಂದು ದಿಂಬು ತುರುಕಿ, ಏನೂ ಆಗದವಳಂತೆ ಹೇಳಿದಳು, "ನಾನು ಯೋಚನೆ ಮಾಡಿದೆ. ಎಸ್‌ಯುವೀನೇ ತಗೊಳ್ಳೋಣ."

ಮೇಷ್ಟ್ರು ದಿಂಬು ನೋಡಿದರು. ಹೆಂಡತಿಯನ್ನು ನೋಡಿದರು. ಮಗಳನ್ನು ನೋಡಿದರು. ಮಗಳು ಚಹಾದ ಲೋಟದೊಳಗೆ ಮುಖ ಹುದುಗಿಸಿದಳು. ಗುಟ್ಟು ರಟ್ಟಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನನಗೇನೂ ಆಗಿಲ್ಲ," ಎಂದು ಗುಡುಗಿದರು. ದಿಂಬು ಎಳೆದು ಪಕ್ಕಕ್ಕೆ ಎಸೆದರು. "ಯಾರ ಕನಿಕರವೂ ಬೇಡ. ಪಿಕಪ್ಪೇ ತಗೊಳ್ಳೋಣ."

"ನಾನು ಎಸ್‌ಯುವಿ ಅಂದೆ."

"ನಾನು ಪಿಕಪ್ ಅಂದೆ!"

ಅತ್ತೆ ಚಮಚ ಕೆಳಗಿಟ್ಟರು. "ಏನ್ರೋ ಇದು? ನಿನ್ನೆವರೆಗೂ ಅವನು ಅದಂತಿದ್ದ, ಇವಳು ಇದಂತಿದ್ದಳು. ಈಗ ಜಾಗ ಬದಲಾಯಿಸ್ಕೊಂಡ್ರಾ? ನಾನೀಗ ಯಾರ ಕಡೆ ಅಂತ ಯಾರಾದ್ರೂ ಹೇಳ್ತೀರಾ?"

ಮೇಷ್ಟ್ರು ಅರ್ಧ ಮೊಟ್ಟೆ ಬಿಟ್ಟು ಅಂಗಡಿಗೆ ಎದ್ದುಹೋದರು. ಟೇಪಕ್ಕ ಹಿಂದೆಯೇ ಹೋಗಿ ನಡುವಿನ ಬಾಗಿಲು ಮುಚ್ಚಿದಳು. ಹಳೆಯ ಕುರ್ಚಿಯೊಂದರ ಮೊಳೆ ಕೀಳುತ್ತ ಮೇಷ್ಟ್ರು ಮುಖವೆತ್ತದೆ ಹೇಳಿದರು:

"ಮೂವತ್ತು ವರ್ಷ ಊರಿಗೆಲ್ಲ ಬೆನ್ನಿನ ಪಾಠ ಹೇಳಿದೀನಿ. ಈಗ ನನ್ನ ಬೆನ್ನೇ ಹೋಯ್ತು ಅಂದ್ರೆ ಜನ ನಗಲ್ವಾ?"

"ನಗ್ತಾರೆ. ಒಂದು ದಿನ ನಗ್ತಾರೆ."

"ಸೋಫಾ ಎತ್ತಲಾರದವನಿಗೆ ಸೋಫಾ ಯಾರು ಕೊಡ್ತಾರೆ? ಕಾರು ತಗೊಂಡ್ರೆ ಎತ್ತೋ ಪ್ರಶ್ನೇನೇ ಬರಲ್ಲ, ಯಾರಿಗೂ ತಿಳಿಯಲ್ಲ ಅಂದ್ಕೊಂಡೆ. ಆಮೇಲೆ ಹೊಟ್ಟೆಪಾಡು ಹೇಗೆ ಅಂತ ಯೋಚನೆ ಮಾಡೋಕೆ ಧೈರ್ಯ ಬರಲಿಲ್ಲ."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ಎರಡು ತುದೀನೂ ನೀನೇ ಎತ್ತೋಕೆ ಹೋಗ್ತಿದ್ದೆ."

ಅದು ನಿಜವಾಗಿತ್ತು. ಟೇಪಕ್ಕನಿಗೆ ಸಿಟ್ಟು ಬಂತು. ಅದನ್ನು ನುಂಗಿಕೊಂಡು, "ಆ ಮೊಳೆ ಸೊಟ್ಟ ಕೀಳ್ತಿದೀರಿ, ಮರ ಸೀಳುತ್ತೆ," ಎಂದಷ್ಟೇ ಹೇಳಿ ಹೊಲಿಗೆ ಯಂತ್ರದ ಮುಂದೆ ಕೂತಳು.

ನಾಲ್ಕು ದಿನ ಮನೆಯಲ್ಲಿ ಗಾಡಿಯ ಮಾತೇ ಇಲ್ಲ. ಗೋಡೆಯ ಮತಪತ್ರವನ್ನು ಯಾರೋ ಕಿತ್ತು ದಿನಸಿ ಚೀಟಿ ಬರೆದುಕೊಂಡಿದ್ದರು. ಐದನೆಯ ದಿನ ಮಾರ್ಕೆಟ್ಟಿನ ಪಕ್ಕದ ಹಳೆಯ ಟಾಕೀಸಿನ ಮ್ಯಾನೇಜರು ಬಂದರು. ನೂರ ಎಂಬತ್ತು ಕುರ್ಚಿ, ಅರ್ಧಕ್ಕರ್ಧ ಹರಿದು ಫೋಮು ಹೊರಬಂದಿದೆ, ಪ್ರೇಕ್ಷಕರು ಪಾಪ್‌ಕಾರ್ನ್ ಯಾವುದು ಫೋಮ್ ಯಾವುದು ಎಂದು ಗೊತ್ತಾಗದೆ ಒದ್ದಾಡುತ್ತಿದ್ದಾರೆ ಎಂದರು.

"ಕಳಿಸಿಕೊಡಿ, ಮಾಡಿಕೊಡೋಣ," ಅಂದರು ಮೇಷ್ಟ್ರು ಬಾಯಿಮಾತಿಗೆ, ಮುಖ ಬಾಡಿಸಿಕೊಂಡು. ನೂರ ಎಂಬತ್ತು ಕುರ್ಚಿ ಎತ್ತಿ ಇಳಿಸುವುದು ಅವರ ಕಣ್ಣಮುಂದೆ ಬಂದಿರಬೇಕು.

"ಅದೇ ತಾಪತ್ರಯ. ಕುರ್ಚಿಗಳು ನೆಲಕ್ಕೆ ಬೋಲ್ಟ್ ಆಗಿವೆ. ಬೋಲ್ಟಿಗೆ ತುಕ್ಕು ಹಿಡಿದಿದೆ. ಕಿತ್ತರೆ ಕುರ್ಚಿ ಜೊತೆ ನೆಲವೂ ಬರುತ್ತೆ. ಮೂರು ಕಡೆ ಕೇಳಿದೆ, ಅಂಗಡಿಗೆ ತಂದ್ರೆ ಮಾತ್ರ ಮಾಡ್ತೀವಿ ಅಂದ್ರು. ಅಲ್ಲಿಗೇ ಬಂದು ಮಾಡೋರು ಸಿಗ್ತಾ ಇಲ್ಲ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಟೇಪಕ್ಕ ಯಂತ್ರದ ಹಿಂದಿನಿಂದ ಕೂಗಿದಳು, "ನಾವು ಬರ್ತೀವಿ! ಯಾವತ್ತಿಂದ?"

ಆಟಗಳು ಮಧ್ಯಾಹ್ನ ಎರಡಕ್ಕೆ ಶುರು. ಬೆಳಗ್ಗೆ ಏಳರಿಂದ ಒಂದರವರೆಗೆ ಟಾಕೀಸು ಇವರದ್ದು ಎಂದಾಯಿತು. ಗಾಡಿಗೇನು ಮಾಡುವುದು ಎಂದು ತಲೆ ಕೆರೆದುಕೊಳ್ಳುವಾಗ ಮೈದುನ ಉಪಯೋಗಕ್ಕೆ ಬಂದ. ಅವನ ಜೊತೆಯ ಡ್ರೈವರೊಬ್ಬ ತಿಂಗಳು ರಜೆ ಹಾಕಿ ಊರಿಗೆ ಹೋಗಿದ್ದ. ಅವನ ಹಳೆಯ ಎಸ್‌ಯುವಿ ಸುಮ್ಮನೆ ನಿಂತಿತ್ತು. ಕೀಲಿ ತಂದ. ಟೇಪಕ್ಕ ಹಿಂದಿನ ಎರಡು ಸಾಲಿನಲ್ಲಿ ಬೇಕಾದಷ್ಟನ್ನು ಮಡಚಿಸಿ ಟೇಪು ಹಿಡಿದಳು. ಮೈದುನ ಎತ್ತಿಟ್ಟ ಹೊಲಿಗೆ ಯಂತ್ರ ಅಡ್ಡಡ್ಡ ಕೂತಿತು. ಫೋಮಿನ ಹಾಳೆಗಳನ್ನು ಸುರುಳಿ ಸುತ್ತಿ ಮೇಲೆ ತುರುಕಿದರು. ರೆಕ್ಸಿನ್ನಿನ ಥಾನುಗಳು ಬಾಗಿಲ ಪಕ್ಕ ನಿಂತವು. ಹಿಂಬಾಗಿಲು ಪೂರ್ತಿ ಮುಚ್ಚಿಕೊಂಡಿತು.

"ಒಂದು ಅಂಗುಲವೂ ಹೊರಗಿಲ್ಲ," ಅಂದಳು ಟೇಪಕ್ಕ. ಮೇಷ್ಟ್ರು ಮುಚ್ಚಿದ ಬಾಗಿಲನ್ನು ಇನ್ನೊಮ್ಮೆ ತೆರೆದು, ಇನ್ನೊಮ್ಮೆ ಮುಚ್ಚಿ ನೋಡಿದರು.

ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ಮನೇಲಿ ಗೋಡೆ ನೋಡಿ ನೋಡಿ ಸಾಕಾಗಿದೆ. ಕೂತು ಮೊಳೆ ಕೀಳೋದೇನು ಮಹಾ?"

ಹೀಗೆ ಟಾಕೀಸಿನ ಕೆಲಸ ಶುರುವಾಯಿತು. ಅತ್ತೆ ಕೊನೆಯ ಸಾಲಿನಲ್ಲಿ ಕೂತು ಇಕ್ಕಳದಿಂದ ಹಳೆಯ ಮೊಳೆ, ಪಿನ್ನುಗಳನ್ನು ಕಿತ್ತು ಡಬ್ಬಕ್ಕೆ ಹಾಕುತ್ತಿದ್ದರು. ಪ್ರತಿ ಮೊಳೆಗೂ ಟಣ್ ಎಂದು ಸದ್ದು. ಟೇಪಕ್ಕ ಪರದೆಯ ಮುಂದಿನ ಖಾಲಿ ಜಾಗದಲ್ಲಿ ಯಂತ್ರ ಇಟ್ಟುಕೊಂಡು ಒಂದೇ ಅಳತೆಯ ಕವರುಗಳನ್ನು ಸಾಲಾಗಿ ಹೊಲಿದಳು. ಮೇಷ್ಟ್ರು ಮೊದಲ ದಿನ ಬಗ್ಗಿ ಬಗ್ಗಿ ಕೆಲಸ ಮಾಡಿ ಹಲ್ಲು ಕಚ್ಚಿಕೊಂಡರು. ಎರಡನೆಯ ದಿನ ಮನೆಯಿಂದ ಒಂದು ಗಿಡ್ಡ ಸ್ಟೂಲು ತಂದರು. ಅದಕ್ಕೆ ನಾಲ್ಕು ಚಕ್ರ ಹಾಕಿ, ಮೇಲೆ ತಮ್ಮ ಬೆನ್ನಿನ ಅಳತೆಗೇ ಒರಗು ಕಟ್ಟಿದ್ದರು. ಅದರ ಮೇಲೆ ಕೂತು ಸಾಲಿನ ಈ ತುದಿಯಿಂದ ಆ ತುದಿಗೆ ಉರುಳುತ್ತ, ಹಳೆಯ ಬಟ್ಟೆ ಸೀಳಿ, ಫೋಮು ಕತ್ತರಿಸಿ ಕೂರಿಸಿ, ಹೊಸ ರೆಕ್ಸಿನ್ ಎಳೆದು ಟಕ್ ಟಕ್ ಎಂದು ಪಿನ್ನು ಹೊಡೆಯುತ್ತಿದ್ದರು. ಬಗ್ಗುವುದಿಲ್ಲ, ಎತ್ತುವುದಿಲ್ಲ. ಟಾಕೀಸಿನ ನೆಲ ಪರದೆಯ ಕಡೆಗೆ ಇಳಿಜಾರು. ಒಮ್ಮೆ ಸ್ಟೂಲು ನಡುದಾರಿಗೆ ಸಿಕ್ಕಿ ಮೇಷ್ಟ್ರು ಕತ್ತರಿ ಎತ್ತಿ ಹಿಡಿದುಕೊಂಡೇ ಹದಿನಾಲ್ಕು ಸಾಲು ದಾಟಿ ಹೆಂಡತಿಯ ಯಂತ್ರದ ಮುಂದೆ ಬಂದು ನಿಂತರು.

"ಏನು ಬೇಕಿತ್ತು?" ಅಂದಳು ಟೇಪಕ್ಕ ತಲೆಯೆತ್ತದೆ.

"ಏನಿಲ್ಲ. ನಿನ್ನ ನೋಡಿ ಹೋಗೋಣ ಅಂತ ಬಂದೆ."

ಕೊನೆಯ ಸಾಲಿನಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಬ್ಬ ಉರುಳಿ ಅಷ್ಟೂ ಮೊಳೆ ಚೆಲ್ಲಾಪಿಲ್ಲಿಯಾಯಿತು. ಆ ದಿನದ ಕೆಲಸದಲ್ಲಿ ಅರ್ಧ ಗಂಟೆ ಮೊಳೆ ಹೆಕ್ಕುವುದಕ್ಕೇ ಹೋಯಿತು.

ಮಗಳು ರಜೆಯ ದಿನ ಬಂದು ಕುರ್ಚಿಗಳಿಗೆ ಅಂಕಿ ಬರೆದಳು. ಮೈದುನ ಬೆಳಗಿನ ಪಾಳಿ ಇಲ್ಲದಾಗ ಬಂದು ಕಸ ಹೊತ್ತ. ಸಂಜೆ ಮನೆಗೆ ಬಂದ ಮೇಲೆ ಮೇಷ್ಟ್ರು ಚಾಪೆ ಹಾಸಿ, ಡಾಕ್ಟರು ಹೇಳಿದ ವ್ಯಾಯಾಮವನ್ನು ಎಲ್ಲರ ಎದುರಿಗೇ ಮಾಡತೊಡಗಿದರು. ಗುಟ್ಟು ಇಲ್ಲದ ಮೇಲೆ ನಾಚಿಕೆಯೂ ಇಲ್ಲ. ಒಂದು ವಾರದಲ್ಲಿ ಪಕ್ಕದ ಮನೆಯ ಇಬ್ಬರು ಗಂಡಸರಿಗೂ ಅದನ್ನು ಕಲಿಸಿದರು. "ನನಗೇ ಬಂದಿದೆ ನೋಡಿ, ಅದಕ್ಕೇ ಹೇಳ್ತಿದೀನಿ," ಎಂದು ಪಾಠಕ್ಕೆ ಹೊಸದೊಂದು ಸಾಲು ಸೇರಿತು. ಯಾರೂ ನಗಲಿಲ್ಲ. ಇನ್ನಷ್ಟು ಗಮನವಿಟ್ಟು ಕೇಳಿದರು.

ಮೂರನೆಯ ವಾರದ ಶನಿವಾರ ಕಡೆಯ ಕುರ್ಚಿಯ ಕಡೆಯ ಪಿನ್ನು ಬಿತ್ತು. ಮ್ಯಾನೇಜರು ಸಂತೋಷದಿಂದ, ಆಟ ಶುರುವಾಗುವುದಕ್ಕೆ ಇನ್ನೂ ಹೊತ್ತಿದೆ, ಹತ್ತು ನಿಮಿಷದ ಚಿತ್ರ ಹಾಕಿಸುತ್ತೇನೆ, ನೋಡಿ ಹೋಗಿ ಎಂದರು. ಐವರೂ ನಡುವಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ ಯಾರೋ ಕುದುರೆ ಓಡಿಸುತ್ತಿದ್ದರು. ಮೇಷ್ಟ್ರಿಗೆ ಕುದುರೆ ಬೇಕಿರಲಿಲ್ಲ. ಪಕ್ಕದ ಕುರ್ಚಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

"ಈ ಮೂರು ವಾರದಲ್ಲಿ ಏನು ಎತ್ತಿದೆ ಹೇಳು ನಾನು?" ಎಂದರು ಮೆಲ್ಲಗೆ.

"ಕತ್ತರಿ," ಅಂದಳು ಟೇಪಕ್ಕ.

"ಅದೇ. ಸೋಫಾ ನಮ್ಮನೆಗೆ ಯಾಕೆ ಬರಬೇಕು? ನಾವೇ ಅದರ ಮನೆಗೆ ಹೋದ್ರಾಯ್ತು."

"ಹಾಗಾದ್ರೆ ಯಾವ ಗಾಡಿ?"

"ನೀನು ಹೇಳಿದ್ದೇ."

"ಮೊದಲು ಹೇಳಿದ್ದಾ, ಆಮೇಲೆ ಹೇಳಿದ್ದಾ?"

"ಸದ್ದು ಮಾಡಬೇಡ್ರೋ," ಅಂದರು ಅತ್ತೆ ಕುದುರೆಯಿಂದ ಕಣ್ಣು ಕೀಳದೆ. "ದೊಡ್ಡ ಕಾರು ತಗೊಳ್ಳಿ. ಮೂರು ವಾರ ಅದರ ಮುಂದಿನ ಸೀಟಿನಲ್ಲಿ ಕೂತಿದೀನಿ, ನೆತ್ತಿ ಅಲ್ಲಿಂದಲೂ ಕಾಣುತ್ತೆ. ಆದ್ರೆ ಆ ಸೀಟು ನನ್ನದು, ಈಗಲೇ ಹೇಳಿದೀನಿ."

ಸೋಮವಾರ ಅದೇ ಷೋರೂಮಿಗೆ ಹೋದರು. ಟೈ ಕಟ್ಟಿದ ಮಾರಾಟಗಾರ ಮೇಷ್ಟ್ರನ್ನು ಕಂಡವನೇ ಎಸ್‌ಯುವಿಯ ಸೀಟಿನ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ತಾನಾಗಿಯೇ ತೆಗೆದ. ಬಣ್ಣ ಆರಿಸಿದ್ದಾಯಿತು. ಬೂದು ಬಣ್ಣ. ಕೊಳೆ ಕಾಣುವುದಿಲ್ಲವೆಂದು ಟೇಪಕ್ಕನ ಆಯ್ಕೆ. ಅವನು ಅರ್ಜಿ ತೆಗೆದು ಮೇಷ್ಟ್ರ ಮುಂದಿಟ್ಟ. ಮೇಷ್ಟ್ರು ಅದನ್ನು ಹೆಂಡತಿಯ ಕಡೆಗೆ ಸರಿಸಿದರು.

"ಇವಳ ಹೆಸರಿಗೆ ಬರೀರಿ."

"ಅದ್ಯಾಕೆ?" ಅಂದಳು ಟೇಪಕ್ಕ.

"ಪೊಲೀಸಿನವರು ನಿಲ್ಲಿಸಿದ್ರೆ ನೀನೇ ಮಾತಾಡು. ನನ್ನ ಕೈಲಿ ಆಗಲ್ಲ."

ಮಾರಾಟಗಾರ ಹೆಸರು, ವಯಸ್ಸು, ವಿಳಾಸ ಕೇಳಿ ಬರೆದುಕೊಂಡ. ಉದ್ಯೋಗ ಎಂದಿದ್ದ ಕಡೆ ಕೇಳದೆಯೇ 'ಗೃಹಿಣಿ' ಎಂದು ಬರೆದ.

ಟೇಪಕ್ಕ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಬರೆದದ್ದರ ಮೇಲೆ ನೆಟ್ಟಗೆ ಒಂದು ಗೀಟು ಎಳೆದಳು. ಪಕ್ಕದಲ್ಲಿ ಗುಂಡಗಿನ ಅಕ್ಷರದಲ್ಲಿ 'ಸೋಫಾ ಕೆಲಸ' ಎಂದು ಬರೆದಳು. ಒಂದು ಕ್ಷಣ ಯೋಚಿಸಿ, ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ, ಅಕ್ಷರ ಸಣ್ಣದು ಮಾಡಿಕೊಂಡು, 'ಮನೆಗೇ ಬಂದು ಮಾಡಿಕೊಡಲಾಗುವುದು' ಎಂದು ಸೇರಿಸಿದಳು.

ಮಾರಾಟಗಾರ ಅರ್ಜಿಯನ್ನು ತಿರುಗಿಸಿ ಓದಿದ. ಬೋರ್ಡು ಬರೆಯುವ ಜಾಗ ಇದಲ್ಲ ಎಂದು ಹೇಳಲು ಬಾಯಿ ತೆರೆದವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಅಮ್ಮಾ, ನಿಜವಾಗ್ಲೂ ಮನೆಗೇ ಬರ್ತೀರಾ? ನಮ್ಮ ಮನೇಲೊಂದು ದಿವಾನ ಇದೆ. ಮೂರನೇ ಮಹಡಿ, ಲಿಫ್ಟಿಲ್ಲ. ಕೆಳಗೆ ತರೋಕಾಗದೆ ಐದು ವರ್ಷದಿಂದ ಸ್ಪ್ರಿಂಗ್ ಮೇಲೆ ಮಲಗ್ತಿದೀನಿ."

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು, "ಬೆನ್ನು ಹೇಗಿದೆ?"

"ಅದನ್ನ ಆಮೇಲೆ ಕೇಳಿ," ಅಂದಳು ಟೇಪಕ್ಕ, ಕೊರಳಿನ ಟೇಪು ಸರಿಮಾಡಿಕೊಂಡು ಮಾರಾಟಗಾರನ ಕಡೆ ತಿರುಗಿ. "ದಿವಾನ ಎಷ್ಟು ಅಡಿ?"